ಹನ್ನೊಂದು ತಲೆ

ತಲೆ ಎಣಿಸುವ ದಿನ ಇಟ್ಟಿಗೆ ಭಟ್ಟಿಯ ಮಕ್ಕಳಿಗೆ ಸ್ನಾನ. ಮಾಡಿಸುವವಳು ಶಾಲೆಯ ಆಯಾ.

ಅದು ಅವಳ ಕೆಲಸದ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿರುವುದು ಗುಡಿಸುವುದು, ಒರೆಸುವುದು, ಕಕ್ಕಸು ತೊಳೆಯುವುದು, ಬೋರ್‌ವೆಲ್ಲಿನಿಂದ ನೀರು ಹೊರುವುದು, ಗಂಟೆ ಹೊಡೆಯುವುದು. ಆದರೂ ವರ್ಷಕ್ಕೊಂದು ಬೆಳಿಗ್ಗೆ ಅವಳು ಭಟ್ಟಿಯ ತೊಟ್ಟಿಯ ಹತ್ತಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಜ್ಜುತ್ತಾಳೆ. ಕೆಸರು ಮೊಣಕೈ ಗೆರೆಗಳಲ್ಲಿ, ಕಿವಿಯ ಹಿಂದೆ, ಉಗುರಿನ ಬುಡದಲ್ಲಿ ಬೇರು ಬಿಟ್ಟು ಕೂತಿರುತ್ತದೆ.

"ಚರ್ಮ ಕಿತ್ತು ಬರ್ತಿದೆ ಆಯಮ್ಮಾ!"

"ಬರಲಿ ಬಿಡು. ಒಳಗೆ ಹೊಸದು ಇರುತ್ತೆ."

ಒಂದೊಂದು ತಲೆಗೆ ಇಷ್ಟು ಅಂತ ಶಾಲೆಗೆ ಮೇಲಿನಿಂದ ಬರುತ್ತದೆ. ಬೆಂಚು, ಪುಸ್ತಕ, ಊಟ, ಸುಣ್ಣ ಬಣ್ಣ ಎಲ್ಲವೂ ತಲೆಯ ಲೆಕ್ಕ. ಆ ದಿನ ಭಟ್ಟಿಯ ಒಂದು ಮಗುವೂ ತಪ್ಪಬಾರದು. ಜ್ವರ ಬಂದದ್ದನ್ನೂ ಸೊಂಟದ ಮೇಲೆ ಹೊತ್ತು ತರಬೇಕು. ತಂದಿದ್ದಾಳೆ. ಆ ಬೆಂಚುಗಳು ಬಂದವು ಕೂಡ. ಆದರೆ ಭಟ್ಟಿಯ ಮಕ್ಕಳು ಕೂತದ್ದು ನೆಲದ ಮೇಲೆ. ಬಟ್ಟೆಯಿಂದ ಮಣ್ಣು ಉದುರುತ್ತದೆ, ಬೆಂಚು ಹಾಳಾಗುತ್ತದೆ ಎಂದು ಹೆಡ್ ಮೇಷ್ಟ್ರು ಮೊದಲ ವರ್ಷವೇ ಹೇಳಿದ್ದರು. ಆಮೇಲೆ ಯಾರೂ ಹೇಳಬೇಕಾಗಿ ಬರಲಿಲ್ಲ. ಮಕ್ಕಳೇ ಬಂದು ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂರುತ್ತಿದ್ದರು.

ಇನ್ನೊಂದು ದಿನ ಇದೆ. ಅದು ಐದನೇ ಕ್ಲಾಸಿನವರ ಮಟ್ಟ ಅಳೆಯುವ ಪರೀಕ್ಷೆಯ ದಿನ. ಪ್ರಶ್ನೆಪತ್ರಿಕೆ ಮೇಲಿನಿಂದಲೇ ಬರುತ್ತದೆ, ಮೇಲಿನವರೇ ತಿದ್ದುತ್ತಾರೆ. ಬರೆದವರ ಅಂಕವನ್ನೆಲ್ಲ ಕೂಡಿಸಿ, ಬರೆದವರ ಸಂಖ್ಯೆಯಿಂದ ಭಾಗಿಸುತ್ತಾರೆ. ಹೆಚ್ಚು ಬಂದ ಶಾಲೆ ಹಸಿರು ಪಟ್ಟಿಗೆ. ಅದಕ್ಕೆ ಇನ್ನಷ್ಟು ಹಣ. ಕಡಿಮೆ ಬಂದದ್ದು ಕೆಂಪು ಪಟ್ಟಿಗೆ. ಎರಡು ವರ್ಷ ಕೆಂಪಿನಲ್ಲಿದ್ದರೆ ಬೀಗ. ಆ ದಿನ ಐದನೇ ಕ್ಲಾಸಿನ ಭಟ್ಟಿಯ ಮಕ್ಕಳು ಶಾಲೆಯ ಹತ್ತಿರ ಸುಳಿಯಬಾರದು. ಅವರನ್ನು ಭಟ್ಟಿಯಲ್ಲೇ ತಡೆದು ಇಡುವವಳೂ ಆಯಾ. ಹೆಡ್ ಮೇಷ್ಟ್ರು ಹಿಂದಿನ ದಿನವೇ ಅವಳ ಕೈಗೆ ಎರಡು ಪೊಟ್ಟಣ ಬಿಸ್ಕತ್ತು ಕೊಡುತ್ತಿದ್ದರು.

ಎಣಿಸುವಾಗ ಬೇಕು, ಅಳೆಯುವಾಗ ಬೇಡ. ಒಂಬತ್ತು ವರ್ಷ ಅವಳು ಎರಡೂ ಕೆಲಸ ಮಾಡಿದ್ದಳು. ತಾತ್ಕಾಲಿಕದವಳು. ಪ್ರತಿ ಬೇಸಿಗೆ ರಜೆಗೆ ಮುಂಚೆ, "ಮುಂದಿನ ವರ್ಷ ಬರಲಾ ಸಾರ್?" ಎಂದು ಬಾಗಿಲಲ್ಲಿ ನಿಂತು ಕೇಳಬೇಕಾದವಳು. ಅವಳು ಹುಟ್ಟಿದ್ದು ಭಟ್ಟಿಯ ಜೋಪಡಿಯಲ್ಲಿ. ಕೈಕಾಲು ಗಟ್ಟಿಯಾದಾಗಿನಿಂದ ಬಿಸಿ ಇಟ್ಟಿಗೆ ಹೊತ್ತವಳು. ತಲೆಯ ನಡುವೆ ಸಿಂಬೆ ಇಡುವ ಜಾಗದಲ್ಲಿ ಕೂದಲು ಮತ್ತೆ ಬರಲೇ ಇಲ್ಲ. ಶಾಲೆಯ ಪೊರಕೆ ಸಿಕ್ಕಿದ ದಿನ ಭಟ್ಟಿಯ ಹೆಂಗಸರೆಲ್ಲ ಅವಳನ್ನು ನೋಡಿ, "ನೀನು ಬಿಡು, ಆಫೀಸರು" ಎಂದಿದ್ದರು. ತಮಾಷೆಗೆ ಅಂದದ್ದು. ಆದರೂ ಅವಳಿಗೆ ಹಿಡಿಸಿತ್ತು.

ಈ ವರ್ಷ ಮೇಲಿನವರಿಗೆ ಏನು ಹೊಳೆಯಿತೋ, ಎರಡನ್ನೂ ಒಂದೇ ದಿನ ಇಟ್ಟರು. ಹತ್ತಕ್ಕೆ ಎಣಿಕೆ, ಹನ್ನೊಂದಕ್ಕೆ ಪರೀಕ್ಷೆ. ಓಡಾಟದ ಖರ್ಚು ಉಳಿಯುತ್ತದಂತೆ.

ಹೆಡ್ ಮೇಷ್ಟ್ರು ಎರಡು ದಿನ ತಲೆ ಕೆಡಿಸಿಕೊಂಡರು. ಮೂರನೆಯ ದಿನ ಆಯಾಳನ್ನು ಕೋಣೆಗೆ ಕರೆದರು. ಕೂರು ಅನ್ನಲಿಲ್ಲ. ಅವಳೂ ಕಾಯಲಿಲ್ಲ.

"ಎಣಿಕೆ ಮುಗಿದ ತಕ್ಷಣ ಐದನೇ ಕ್ಲಾಸಿನ ನಿಮ್ಮವು ಹನ್ನೊಂದನ್ನೂ ಹುಳದ ಮಾತ್ರೆ ಕೊಡ್ತೀನಿ ಬನ್ನಿ ಅಂತ ಹಿಂದಿನ ಷೆಡ್ಡಿಗೆ ಕರ್ಕೊಂಡು ಹೋಗು. ಚಿಲಕ ಹಾಕು. ಒಂದು ಗಂಟೆಗೆ ತೆಗಿ. ಅಷ್ಟೇ."

"ಎಣಿಸೋಕೆ ಬರೋ ಸಾಹೇಬ್ರು ಕೇಳಿದ್ರೆ?"

"ಹೊಟ್ಟೆ ನೋವು, ಮನೆಗೆ ಕಳಿಸಿದೆ ಅಂತ ನಾನು ಬರೀತೀನಿ. ಅದು ನನ್ನ ಪಾಡು."

"ಹನ್ನೊಂದಕ್ಕೂ ಒಟ್ಟಿಗೆ ಹೊಟ್ಟೆ ನೋವಾ ಸಾರ್?"

ಅವರು ಕನ್ನಡಕ ತೆಗೆದು ಒರೆಸಿದರು. "ಭಟ್ಟಿಯವು ಏನೇನೋ ತಿಂತಾವೆ. ಯಾರೂ ಕೇಳಲ್ಲ."

ಅವಳು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತೇ ಇದ್ದಳು. ಮೊಣಕಾಲು ನೋಯುತ್ತಿತ್ತು.

"ಈ ಸಲ ನನ್ನ ಮಗಳೂ ಇದಾಳೆ ಸಾರ್. ಐದರಲ್ಲಿ. ಇದನ್ನ ಬರೆಯದೆ ಇದ್ರೆ ದೊಡ್ಡ ಶಾಲೆಯವ್ರು ಆರಕ್ಕೆ ಸೇರಿಸ್ಕೊಳ್ಳಲ್ಲ."

"ನಾನು ಚೀಟಿ ಬರೆದು ಕೊಡ್ತೀನಿ."

"ಹೋದ ವರ್ಷ ನಮ್ಮಕ್ಕನ ಮಗಳಿಗೂ ಬರೆದು ಕೊಟ್ರಿ. ದೊಡ್ಡ ಶಾಲೆಯವ್ರು ಮಡಚಿ ವಾಪಸ್ ಕೈಗಿಟ್ರು. ಈಗ ಇಟ್ಟಿಗೆ ತಿರುವಿ ಹಾಕ್ತಾಳೆ."

"ನೋಡು ಆಯಾ." ಅವರು ಕನ್ನಡಕ ಹಾಕಿಕೊಂಡರು. "ಆ ಹನ್ನೊಂದು ಕೂತು ಸೊನ್ನೆ ಸುತ್ತಿದ್ರೆ ಶಾಲೆ ಕೆಂಪಿಗೆ ಬೀಳುತ್ತೆ. ಆಮೇಲೆ ಬೀಗ. ನಿನ್ನ ಮಗಳಿಗೂ ಇಲ್ಲ, ಊರ ಮಕ್ಕಳಿಗೂ ಇಲ್ಲ. ನಿನಗೂ ಇಲ್ಲ. ಯೋಚನೆ ಮಾಡು."

ಅವಳು ಹೂಂ ಅಂದಳು. ಯೋಚನೆ ಮಾಡುವುದಕ್ಕೆ ಶಕ್ತಿ ಇರಲಿಲ್ಲ. ಇನ್ನೂ ಎಂಟು ಕೊಡ ನೀರು ಬಾಕಿ ಇತ್ತು.

ಸಂಜೆ ಗುಡಿಸುವಾಗ ಮಗಳು ಐದನೇ ಕ್ಲಾಸಿನ ಬಾಗಿಲಿಗೆ ಅಂಟಿಸಿದ ಪಟ್ಟಿಯ ಮುಂದೆ ನಿಂತಿದ್ದಳು. ಸಣಕಲು ಹುಡುಗಿ. ಭಟ್ಟಿಯಲ್ಲಿ ಎಲ್ಲರೂ ಅವಳನ್ನು ಕಡ್ಡಿ ಅನ್ನುತ್ತಿದ್ದರು. ಪರೀಕ್ಷೆ ಬರೆಯುವವರ ಹೆಸರು, ಎದುರಿಗೆ ನಂಬರು, ಎಲ್ಲ ಅಚ್ಚಾಗಿ ಬಂದಿತ್ತು. ಕಡ್ಡಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು. ಮೂವತ್ತೆರಡು ಹೆಸರನ್ನೂ ಓದಿದಳು. ಹೊತ್ತು ಹಿಡಿಯಿತು, ಆದರೆ ಓದಿದಳು.

"ಅಮ್ಮಾ, ನಂದು ಇಪ್ಪತ್ತಾರು. ಇಲ್ನೋಡು, ಮಷೀನಲ್ಲಿ ಬರೆದಿದಾರೆ ನನ್ನ ಹೆಸರು!"

"ಯಾವಾಗ ಕಲಿತೆಯೇ ಇಷ್ಟು?"

"ನೀರು ತರೋಕೆ ಕಳಿಸದೆ ಇದ್ದ ದಿನ."

ಆಯಮ್ಮ ಪೊರಕೆಯನ್ನು ನೆಲಕ್ಕೆ ಕುಟ್ಟಿ ಕಡ್ಡಿಗಳನ್ನು ಸರಿ ಮಾಡಿಕೊಂಡಳು. ಭಟ್ಟಿಯ ಮಕ್ಕಳನ್ನು ಪಾಠದ ಹೊತ್ತಿನಲ್ಲಿ ಎಬ್ಬಿಸಿ ಕೊಳವೆಬಾವಿಗೆ ಕಳಿಸುವುದು ವಾರಕ್ಕೆ ಮೂರು ದಿನ ಇತ್ತು. ತನ್ನ ಇಪ್ಪತ್ತು ಕೊಡ ಹನ್ನೆರಡಕ್ಕೆ ಇಳಿಯುವುದು ಆ ದಿನಗಳಲ್ಲೇ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೆನ್ನಿಗೆ ಹಾಯೆನಿಸುತ್ತಿತ್ತು.

ಜೋಪಡಿಗೆ ಬಂದಾಗ ಗಂಡ ಕಾಲು ಚಾಚಿ ಅಂಗಾಲಿನ ಬಿರುಕಿಗೆ ಎಣ್ಣೆ ಹಚ್ಚುತ್ತಿದ್ದ. ಷೆಡ್ಡಿನ ವಿಷಯ ಹೇಳಿದಳು.

"ಕೂಡಿ ಹಾಕು ಅಂದ್ರೆ ಹಾಕು" ಎಂದ. "ಎರಡು ಗಂಟೆ ತಾನೇ. ಅವಳೇನು ಕಲೆಕ್ಟರ್ ಆಗ್ಬೇಕಿತ್ತಾ?"

"ಆರನೇ ಕ್ಲಾಸ್ ಆಗ್ಬೇಕಿತ್ತು."

"ನಿನ್ನ ಕೆಲಸ ಹೋದ್ರೆ ಮತ್ತೆ ತಲೆ ಮೇಲೆ ಸಿಂಬೆ ಇಡ್ಬೇಕು. ಕುತ್ತಿಗೆ ತಡೆಯುತ್ತಾ?"

ತಡೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮೂಲೆಯಲ್ಲಿ ಕಡ್ಡಿ ಪೆನ್ಸಿಲನ್ನು ಎರಡೂ ತುದಿಗೆ ಚೂಪು ಮಾಡುತ್ತಿದ್ದಳು. ಒಂದು ಕಡೆ ಮುರಿದರೆ ಇನ್ನೊಂದು ಇರಲಿ ಅಂತ.

ಬೆಳಿಗ್ಗೆ ಆಯಮ್ಮ ಮಕ್ಕಳನ್ನು ಉಜ್ಜಿದಳು. ತಲೆ ಬಾಚಿದಳು. ಸಾಲಾಗಿ ನಡೆಸಿಕೊಂಡು ಹೋದಳು. ಸಾಹೇಬರು ಹತ್ತಕ್ಕೆ ಸರಿಯಾಗಿ ಜೀಪಿನಿಂದ ಇಳಿದರು. ಸುಸ್ತಾದ ಮನುಷ್ಯ. ಬೆಳಿಗ್ಗೆಯೇ ಅಂಗಿಯ ಬೆನ್ನು ಒದ್ದೆ. ಬೆಂಚಿನ ಮಕ್ಕಳ ತಲೆ ಮುಟ್ಟಿ ಮುಟ್ಟಿ ಎಣಿಸಿದರು. ನೆಲದಲ್ಲಿ ಕೂತವರ ಹತ್ತಿರ ಬಂದಾಗ ಕೈ ಹಿಂದೆ ಹೋಯಿತು. ದೂರದಿಂದ ಪೆನ್ನು ತೋರಿಸಿ ಎಣಿಸಿದರು. ಲೆಕ್ಕ ಸರಿ ಬಂತು. ಸಹಿ ಹಾಕಿದರು, ಮೊಹರು ಒತ್ತಿದರು. ಹೆಡ್ ಮೇಷ್ಟ್ರು ಅವರನ್ನು ಕೋಣೆಗೆ ಕರೆದುಕೊಂಡು ಹೋಗುತ್ತ ಆಯಾಳ ಕಡೆ ನೋಡಿ ಗದ್ದ ಎತ್ತಿದರು.

ಅವಳು ಐದನೇ ಕ್ಲಾಸಿನ ಬಾಗಿಲಿಗೆ ಹೋದಳು.

"ಭಟ್ಟಿಯವ್ರು ಬನ್ನಿ. ಹುಳದ ಮಾತ್ರೆ."

ಹನ್ನೊಂದು ಮಕ್ಕಳು ಎದ್ದರು. ಕಡ್ಡಿಯೂ ಎದ್ದಳು. ಬೆಂಚಿನಿಂದ ಒಬ್ಬ, "ನಮಗಿಲ್ವಾ ಆಯಮ್ಮಾ?" ಎಂದ. "ನಿಮಗೆ ಹುಳ ಇಲ್ಲ" ಎಂದಳು. ಕ್ಲಾಸು ನಕ್ಕಿತು.

ಷೆಡ್ಡಿನಲ್ಲಿ ಸುಣ್ಣದ ಚೀಲ, ಕಾಲು ಮುರಿದ ಕುರ್ಚಿ, ಹಳೆಯ ತಗಡು. ಕಿಟಕಿ ಇಲ್ಲ. ತಗಡಿನ ತೂತುಗಳಿಂದ ಚೂರುಚೂರು ಬಿಸಿಲು. ಮಕ್ಕಳು ಒಳಗೆ ಹೋದರು. ಅವಳು ಬಾಗಿಲು ಎಳೆದಳು. ಚಿಲಕ ತುಕ್ಕು ಹಿಡಿದಿತ್ತು. ಎರಡು ಸಲ ಗುದ್ದಿದ ಮೇಲೆ ಬಿತ್ತು.

ಹೋಗಬಹುದಿತ್ತು. ಹೋಗಲಿಲ್ಲ. ಒಳಗಿನಿಂದ ಗಲಾಟೆ ಬರುತ್ತದೆ, ಗದರಿಸಬೇಕಾಗುತ್ತದೆ ಎಂದು ನಿಂತಳು. ಗಲಾಟೆ ಬರಲಿಲ್ಲ. ಏನೋ ಎಳೆಯುವ ಸದ್ದು, ಪಿಸುಪಿಸು ಮಾತು, ಆಮೇಲೆ ಸುಮ್ಮನೆ. ಬಾಗಿಲ ಸಂದಿಗೆ ಕಣ್ಣಿಟ್ಟಳು.

ಸುಣ್ಣದ ಚೀಲಗಳನ್ನು ಪಕ್ಕಕ್ಕೆ ಎಳೆದು ನೆಲ ಖಾಲಿ ಮಾಡಿದ್ದರು. ಸಾಲು ಮಾಡಿ ಕೂತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಕೈ ಅಂತರ. ಪರೀಕ್ಷೆಗೆ ಹೇಗೆ ಕೂರಬೇಕೆಂದು ಹಿಂದಿನ ವಾರ ಐದನೇ ಕ್ಲಾಸಿನ ಹೊಸ ಟೀಚರ್ ಎಲ್ಲರಿಗೂ ಹೇಳಿಕೊಟ್ಟ ಹಾಗೆ. ಎಲ್ಲರ ಮುಂದೆಯೂ ಒಂದೊಂದು ಪೆನ್ಸಿಲು. ಕೈ ಕಟ್ಟಿ, ಬಾಗಿಲ ಕಡೆ ಮುಖ ಮಾಡಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

"ಪೇಪರ್ ಯಾವಾಗ ತರ್ತಾರೆ?" ಎಂದು ಗಿಡ್ಡನೆಯ ಹುಡುಗ ಪಿಸುಗುಟ್ಟಿದ.

"ಮೊದಲು ಮಾತ್ರೆ, ಆಮೇಲೆ ಪೇಪರ್" ಎಂದು ಇನ್ನೊಬ್ಬಳು ಗದರಿದಳು. "ಸುಮ್ನೆ ಕೂರು. ಮಾತಾಡಿದ್ರೆ ಅಂಕ ಕಳೀತಾರೆ."

ತಮ್ಮ ಪರೀಕ್ಷೆಯ ಕೋಣೆ ಇದೇ ಎಂದು ತಿಳಿದಿದ್ದರು. ಅವರು ಬೇರೇನು ತಿಳಿಯಬೇಕು? ಬೇರೆ ಮೂಲೆ, ಬೇರೆ ನೆಲ, ಬೇರೆ ಲೋಟ. ಪರೀಕ್ಷೆಯೂ ಬೇರೆ ಷೆಡ್ಡಿನಲ್ಲಿ ಎಂದರೆ ಅವರಿಗೆ ವಿಚಿತ್ರ ಅನ್ನಿಸಲಿಲ್ಲ. ಕಡ್ಡಿ ಒಬ್ಬಳೇ ಮಾತಾಡಲಿಲ್ಲ. ಅವಳು ಬಾಗಿಲ ಸಂದಿಯನ್ನೇ ನೋಡುತ್ತಿದ್ದಳು. ಅಲ್ಲಿ ಅಮ್ಮನ ಕಣ್ಣು ಇದೆಯೆಂದು ಅವಳಿಗೆ ಗೊತ್ತಿತ್ತು. ಅಳಲಿಲ್ಲ, ಕರೆಯಲಿಲ್ಲ. ಸುಮ್ಮನೆ ನೋಡಿದಳು. ಹೊರೆ ಇಳಿಸಿದವಳು ಮುಂದಿನ ಹೊರೆಯನ್ನು ನೋಡುವ ಹಾಗೆ. ಹತ್ತು ವರ್ಷದ ಮುಖದಲ್ಲಿ ಆ ನೋಟ ಇತ್ತು.

ಆಯಮ್ಮ ಚಿಲಕಕ್ಕೆ ಕೈ ಹಾಕಿದಳು. ಬರಲಿಲ್ಲ. ಕಲ್ಲು ತಂದು ಗುದ್ದಿದಳು. ಬೆರಳಿನ ಗಂಟು ಸುಲಿಯಿತು. ಮತ್ತೆ ಗುದ್ದಿದಳು. ಪರೀಕ್ಷೆಯ ಗಂಟೆ ಹೊಡೆದು ಆಗಲೇ ಹತ್ತು ನಿಮಿಷವಾಗಿತ್ತು. ಹೊಸ ಟೀಚರೇ ಹೊಡೆದಿದ್ದಳು.

"ಏಳಿ."

"ಮಾತ್ರೆ?"

"ಮಾತ್ರೆ ಇಲ್ಲ ಏನೂ ಇಲ್ಲ. ಪೆನ್ಸಿಲ್ ತಗೊಳ್ಳಿ, ನಡೀರಿ."

ಮುಂದೆ ಅವಳು, ಹಿಂದೆ ಹನ್ನೊಂದು. ಮೈದಾನದ ನಡುವೆಯೇ ನಡೆದಳು. ಹೆಡ್ ಮೇಷ್ಟ್ರು ಮೆಟ್ಟಿಲು ಇಳಿದು ಅಡ್ಡ ಬಂದರು. ದನಿ ತಗ್ಗಿಸಿದ್ದರು.

"ಏನಿದು? ತಲೆ ಕೆಟ್ಟಿದೆಯಾ? ವಾಪಸ್ ಕರ್ಕೊಂಡು ಹೋಗು."

"ಇಲ್ಲ ಸಾರ್."

"ನಾನು ಹೇಳ್ತಿದೀನಿ."

"ಕೇಳಿಸ್ತು ಸಾರ್. ಆಗಲ್ಲ."

ಆ ಒಂದು ಮಾತಿಗೆ ಅವಳಿಗೆ ಒಂಬತ್ತು ವರ್ಷ ಹಿಡಿದಿತ್ತು. ಹೇಳುವಾಗ ದನಿ ಏರಲಿಲ್ಲ. ಏರಿಸುವ ತ್ರಾಣ ಇರಲಿಲ್ಲ.

ಸದ್ದಿಗೆ ಸಾಹೇಬರು ಬಾಗಿಲಿಗೆ ಬಂದರು. ಕೈಯಲ್ಲಿ ಹಾಜರಿ ಹಾಳೆ. ಮಕ್ಕಳನ್ನು ನೋಡಿದರು, ಹಾಳೆ ನೋಡಿದರು.

"ಇವರಿಗೆ ಹೊಟ್ಟೆ ನೋವು ಅಂತ ಇದೆಯಲ್ಲ ಇದರಲ್ಲಿ?"

"ಮಕ್ಕಳನ್ನೇ ಕೇಳಿ ಸಾಹೇಬ್ರೇ" ಎಂದಳು. "ಷೆಡ್ಡಲ್ಲಿ ಕೂಡಿ ಹಾಕಿದ್ದೆ. ನಾನೇ ಹಾಕಿದ್ದು. ಹೆಡ್ ಮೇಷ್ಟ್ರು ಹೇಳಿದ್ರು, ನಾನು ಹಾಕಿದೆ. ಪ್ರತಿ ವರ್ಷ ಹಿಂಗೇ ಯಾವುದಾದ್ರೂ ಒಂದು ಮಾಡ್ತೀನಿ."

"ಸಾರ್, ಇವಳು ಹೊರಗಿನ ಕೆಲಸದವಳು, ತಾತ್ಕಾಲಿಕ..." ಹೆಡ್ ಮೇಷ್ಟ್ರು ನಗಲು ನೋಡಿದರು.

ಸಾಹೇಬರು ಕೈ ಎತ್ತಿದರು. "ಇದೆಲ್ಲ ನನ್ನ ಮುಂದೆ ಬೇಡಮ್ಮ. ಪರೀಕ್ಷೆ ಶುರುವಾಗಿದೆ. ಈಗ ಒಳಗೆ ಬಿಡೋ ಹಾಗಿಲ್ಲ."

"ಹಂಗಾದ್ರೆ ಬೆಳಿಗ್ಗೆ ಎಣಿಸಿದ್ರಲ್ಲ, ಅದ್ರಲ್ಲಿ ಹನ್ನೊಂದು ಹೊಡೆದು ಹಾಕಿ."

"ಏನು?"

"ಇವೇ ತಲೆ ಸಾಹೇಬ್ರೇ. ಬೆಳಿಗ್ಗೆ ನಾನೇ ಬಾಚಿದ್ದು. ಇದ್ರೆ ಎರಡೂ ಕಡೆ ಇರಲಿ. ಇಲ್ಲ ಅಂದ್ರೆ ಎರಡೂ ಕಡೆ ಬೇಡ. ಪೆನ್ನು ನಿಮ್ಮ ಕೈಯಲ್ಲೇ ಇದೆ, ಹೊಡೆದು ಹಾಕಿ."

ಸಾಹೇಬರು ಪೆನ್ನಿನ ಕಡೆ ನೋಡಿದರು. ಸಹಿ ಹಾಕಿ ಆಗಿತ್ತು. ಮೊಹರು ಬಿದ್ದಿತ್ತು. ಹೊಡೆದು ಹಾಕಿದರೆ ಯಾಕೆಂದು ಬರೆಯಬೇಕು. ಬರೆದರೆ ಮೇಲಿನವರು ಕರೆಯುತ್ತಾರೆ. ಕರೆದರೆ ಹೋಗಬೇಕು. ಒಳಗಿನಿಂದ ಹೊಸ ಟೀಚರ್, ಯಾರನ್ನೂ ನೋಡದೆ, "ಹನ್ನೊಂದು ಪೇಪರ್ ಉಳಿದಿವೆ ಸಾರ್" ಎಂದಳು.

"ಕೂತ್ಕೊಳ್ಳಲಿ" ಎಂದರು ಸಾಹೇಬರು. "ಟೈಮ್ ಮಾತ್ರ ಜಾಸ್ತಿ ಕೊಡೋಕೆ ಬರಲ್ಲ."

ನ್ಯಾಯ ಅಂತೇನೂ ಅಲ್ಲ. ತೊಂದರೆ ಕಡಿಮೆ ಇದ್ದ ದಾರಿ ಅದು. ಅಷ್ಟೇ.

ಮಕ್ಕಳು ಒಳಗೆ ಹೋಗಿ ಗೋಡೆಯ ಬುಡದಲ್ಲಿ, ತಮ್ಮ ನೆಲದಲ್ಲಿ, ಒಂದೊಂದು ಕೈ ಅಂತರ ಬಿಟ್ಟು ಕೂತರು. ಕಡ್ಡಿ ಎಲ್ಲರಿಗಿಂತ ಮುಂದೆ.

ಹೆಡ್ ಮೇಷ್ಟ್ರು ಆಯಾಳ ಪಕ್ಕ ಬಂದು ನಿಂತರು.

"ಶಾಲೆ ಮುಚ್ಚಿಸಿದೆ ನೀನು. ಗೊತ್ತಾ? ಊರವರಿಗೆ ಏನಂತ ಹೇಳ್ತೀಯ?"

"ನೀವು ಏನಂತ ಹೇಳಬೇಕು ಅಂತಿದೀರೋ ಅದನ್ನೇ ಹೇಳಿ. ನನ್ನಿಂದಲೇ ಅಂತ."

"ನಾಳೆಯಿಂದ ಬರ್ಬೇಡ."

"ನಾಳೆ ಯಾಕೆ ಸಾರ್." ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಮೆಟ್ಟಿಲಲ್ಲಿ ಕೂತಳು. ಶಾಲೆಯ ಹೊತ್ತಿನಲ್ಲಿ ಆ ಮೆಟ್ಟಿಲಿನಲ್ಲಿ ಅವಳು ಕೂತದ್ದು ಅದೇ ಮೊದಲು. ಕಲ್ಲು ಬಿಸಿಯಾಗಿತ್ತು. ಕಾಲು ಚಾಚಿದಳು.

ಸ್ವಲ್ಪ ಹೊತ್ತಿಗೆ ಸಾಹೇಬರು ಕಕ್ಕಸಿನ ಕಡೆ ಹೋದರು. ಒಳಗಿನಿಂದ ಕೂಗಿದರು. ಹೆಡ್ ಮೇಷ್ಟ್ರು ರೂಢಿಯ ಮೇಲೆ, "ಆಯಾ, ನೀರು!" ಎಂದರು.

ಅವಳು ಏಳಲಿಲ್ಲ. ಬೇಕಂತ ಹಟ ಮಾಡಿದ್ದೂ ಅಲ್ಲ. ಮೈ ಏಳಲಿಲ್ಲ. ಹೆಡ್ ಮೇಷ್ಟ್ರು ಅತ್ತ ಇತ್ತ ನೋಡಿದರು. ನೀರು ತರುವಷ್ಟು ದೊಡ್ಡ ಮಕ್ಕಳೆಲ್ಲ ಪರೀಕ್ಷೆಯಲ್ಲಿದ್ದರು. ಕೊನೆಗೆ ತಾವೇ ಬಕೆಟ್ ಹಿಡಿದು ಬೋರ್‌ವೆಲ್ಲಿಗೆ ಹೋದರು. ತುಂಬಿದ ಬಕೆಟನ್ನು ಹೇಗೆ ಹಿಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಅರ್ಧ ನೀರು ಪ್ಯಾಂಟಿನ ಮೇಲೆ ಚೆಲ್ಲಿತು. ಅವಳಿಗೆ ಅದನ್ನು ನೋಡಿ ಖುಷಿಯಾಗಲಿಲ್ಲ. ಬೆಳಿಗ್ಗೆಯಿಂದ ತಾನು ಇಂಥ ಹದಿನಾಲ್ಕು ತಂದಿದ್ದೇನೆ ಎಂದು ಲೆಕ್ಕ ಮಾತ್ರ ನೆನಪಾಯಿತು.

ನಾಳೆ ಸಿಂಬೆ ಹುಡುಕಬೇಕು. ಊರ ಹೆಂಗಸರು ಬಾವಿಯ ಹತ್ತಿರ ಮುಖ ತಿರುಗಿಸುತ್ತಾರೆ. ಗಂಡ ಎರಡು ದಿನ ಮಾತು ಬಿಡುತ್ತಾನೆ. ಶಾಲೆ ಕೆಂಪಿಗೆ ಬೀಳಬಹುದು. ಬಿದ್ದರೆ ಬೀಳಲಿ ಎನ್ನುವ ಧೈರ್ಯವೂ ಅವಳಿಗಿರಲಿಲ್ಲ. ಒಳಗಿನಿಂದ ಪೆನ್ಸಿಲುಗಳ ಸದ್ದು ಬರುತ್ತಿತ್ತು. ಅದನ್ನು ಕೇಳುತ್ತ ಕೂತಳು.

ಒಂದು ಗಂಟೆಗೆ ಬಾಗಿಲು ತೆರೆಯಿತು. ಬೆಂಚಿನವರು ಮೊದಲು ಬಂದರು, ಕೊನೆಗೆ ಭಟ್ಟಿಯವರು. ಕಡ್ಡಿ ಬಂದು ಅಮ್ಮನ ಪಕ್ಕದ ಮೆಟ್ಟಿಲಲ್ಲಿ ಕೂತಳು. ಪೆನ್ಸಿಲಿನ ಎರಡು ತುದಿಯೂ ಮೊಂಡಾಗಿತ್ತು.

"ಎಷ್ಟು ಕೊಟ್ಟಿದ್ರು?"

"ಇಪ್ಪತ್ತು ಪ್ರಶ್ನೆ."

"ಎಷ್ಟು ಗೊತ್ತಿತ್ತು?"

"ಮೂರು."

ಆಯಮ್ಮ ಮೈದಾನದ ಕಡೆ ನೋಡಿದಳು. ಮೂರು. ಇಷ್ಟೆಲ್ಲ ಮಾಡಿ ಮೂರು.

"ಉಳಿದದ್ದು ಖಾಲಿ ಬಿಟ್ಟೆಯಾ?"

"ಯಾಕೆ ಬಿಡ್ಲಿ? ಎಲ್ಲದಕ್ಕೂ ಬರೆದೆ."

"ಗೊತ್ತಿಲ್ಲದೆ ಏನು ಬರೆದೆ?"

"ಇದನ್ನು ನಮಗೆ ಹೇಳಿಕೊಟ್ಟಿಲ್ಲ ಅಂತ ಬರೆದೆ. ಹದಿನೇಳು ಸಲ." ಕಡ್ಡಿ ಬೆರಳು ಮಡಚಿ ಬಿಚ್ಚಿ ನೋವು ಕಳೆದುಕೊಂಡಳು. "ಕೈ ಬಿದ್ದೇ ಹೋಯ್ತು."

ಆಯಮ್ಮ ಹಿಂದಿನ ಹತ್ತು ಮಕ್ಕಳ ಕಡೆ ನೋಡಿದಳು. ಅವರು ಕಂಬಕ್ಕೆ ಒರಗಿ ತಮ್ಮ ತಮ್ಮ ಬೆರಳು ಒತ್ತಿಕೊಳ್ಳುತ್ತಿದ್ದರು.

"ಅವರು?"

"ಗೊತ್ತಿದ್ದದ್ದನ್ನ ಅವರವರೇ ಬರೆದ್ರು. ಗೊತ್ತಿಲ್ಲದ್ದಕ್ಕೆ ನಂದು ನೋಡಿದ್ರು." ಕಡ್ಡಿ ದನಿ ತಗ್ಗಿಸಿದಳು. "ನಾನು ದೊಡ್ಡದಾಗಿ ಬರೆದೆ ಅಮ್ಮ. ಹಿಂದಿನವರಿಗೆಲ್ಲ ಕಾಣಲಿ ಅಂತ."